ರಾಧಕ್ಕನ ಮನೆಯ ಪಂಕ್ತಿ

ಗೆಳೆಯರೇ, ಇವತ್ತು ಬೆಳಗಿನ ತಿಂಡಿಯ ಹೊತ್ತಿನಲ್ಲಿ ಒಂದು ಜಗಳವನ್ನು ಬಾಯಿ ತೆರೆಯದೆಯೇ ಗೆದ್ದುಬಿಟ್ಟೆ.

ಸಿನಿಮಾದಲ್ಲಿ ಸಣ್ಣ ಪಾತ್ರ ಸಿಕ್ಕಿತೆಂದು ಹುಬ್ಬಳ್ಳಿಯಿಂದ ಮದರಾಸಿಗೆ ಬಂದ ನನಗೂ ಅವ್ವನಿಗೂ ಸಿನಿಮಾದವರೆಂದು ಯಾವ ಲಾಡ್ಜಿನಲ್ಲೂ ರೂಮು ಕೊಡಲಿಲ್ಲ. ಕೋಡಂಬಾಕ್ಕಂ ಆಚೆ, ಹೊಲಗಳ ನಡುವಿನ ಮನೆಯಲ್ಲಿ ಉಡುಪಿ ಕಡೆಯ ರಾಧಕ್ಕ ಮಾತ್ರ ಏನೂ ಕೇಳದೆ ಕೋಣೆ ಕೊಟ್ಟರು. ಬಾಡಿಗೆಯಲ್ಲೇ ಬೆಳಗಿನ ತಿಂಡಿಯೂ ಸೇರಿದೆ.

ಇವತ್ತು ನಾವು ಎಲೆಯ ಮುಂದೆ ಕೂತದ್ದೇ ತಡ, ಪಕ್ಕದ ಕೋಣೆಯಲ್ಲಿ ಹೆಂಡತಿಯೊಂದಿಗೆ ಇಳಿದಿದ್ದ ವಿಮಾ ಅಧಿಕಾರಿ ಎದ್ದು ನಿಂತರು.

"ಸಿನಿಮಾದವರ ಪಂಕ್ತೀಲಿ ನಾನು ಕೂರೋದಿಲ್ಲ," ಎಂದರು.

ಅವ್ವ ನನ್ನ ಸೆರಗು ಜಗ್ಗಿ, "ಏಳವಾ, ಒಳಗ ಹೋಗೂಣು," ಎಂದಳು.

ರಾಧಕ್ಕ ಅವ್ವನ ಭುಜ ಒತ್ತಿ ಕೂರಿಸಿದರು. ಆಮೇಲೆ ಅಧಿಕಾರಿಯ ಎಲೆಯನ್ನು ಎತ್ತಿ ಜಗಲಿಯ ಮೇಲೆ ಹಾಸಿದರು. "ನೀವು ಇಲ್ಲಿ ಕೂತ್ಕೊಳ್ಳಿ ಮಾರಾಯ್ರೇ. ಅವರು ನನ್ನ ಮನೆಗೆ ಬಂದವರು, ಏಳುದಿಲ್ಲ."

ಅಧಿಕಾರಿಯ ಹೆಂಡತಿ ಕದಲಲಿಲ್ಲ. ನನ್ನ ಎದುರಿಗೇ ಕೂತು ನಿಧಾನವಾಗಿ ನೀರುದೋಸೆ ತಿಂದರು.

ಸ್ವಲ್ಪ ಹೊತ್ತಿಗೆ, "ಇನ್ನೆರಡು ದೋಸೆ ಬೇಕಿತ್ತು," ಎಂಬ ದನಿ ಜಗಲಿಯಿಂದ ಬಂತು.

"ಕಾವಲಿ ಬಿಟ್ಟು ಬರ್ಲಿಕ್ಕೆ ಆಗುದಿಲ್ಲ. ಒಳಗೆ ಬಂದ್ರೆ ಬಿಸಿ ಸಿಗ್ತದೆ," ಎಂದರು ರಾಧಕ್ಕ.

ಎಲೆ ಹಿಡಿದುಕೊಂಡು ಅಧಿಕಾರಿಯೇ ಒಳಗೆ ಬಂದರು. ಖಾಲಿ ಇದ್ದದ್ದು ಅವ್ವನ ಪಕ್ಕದ ಮಣೆಯೊಂದೇ. ಅದರ ಮೇಲೆ ಕೂತರು. ಅವ್ವ ಕಾಯಿಚಟ್ನಿ ಬಡಿಸತೊಡಗಿದಳು.

ಅವರು ಸಾಕು ಎನ್ನಲೇ ಇಲ್ಲ.