ಹುಳ ತಿನ್ನದ ಮೀನು

ನಮ್ಮ ಅಪ್ಪನಿಗೆ ಮನುಷ್ಯರನ್ನು ಅಳೆಯಲು ಒಂದೇ ಮಾಪು: ಏನು ತಿನ್ನುತ್ತಾರೆ? ಅಕ್ಕನಿಗೆ ಹುಮನಾಬಾದಿನ ಗಂಡು ಗೊತ್ತಾದದ್ದೂ ಹಾಗೆಯೇ. ಮಾಂಸ ಮುಟ್ಟುವುದಿಲ್ಲ, ಕುಡಿಯುವುದಿಲ್ಲ, ಲಿಂಗಪೂಜೆಯಾಗದೆ ತುತ್ತು ಎತ್ತುವುದಿಲ್ಲ. ಇನ್ನೇನು ಬೇಕು?

ವರ್ಷ ತುಂಬುವ ಮೊದಲೇ ಅಕ್ಕ ತೋಳ ತುಂಬ ನೀಲಿ ಗುರುತು ಹೊತ್ತು ಬಸವಕಲ್ಯಾಣಕ್ಕೆ ಮರಳಿದಳು. ಮಾತು ಬಿಟ್ಟಿದ್ದಳು. ತೊಂಬತ್ತರ ದಶಕದ ಕೊನೆಯ ದಿನಗಳವು. ಕಿರಾಣಿ ಮಾಲು ತರಲು ಹೈದರಾಬಾದಿಗೆ ಹೋದ ಅಪ್ಪ, ಮಗಳ ಮನಸ್ಸು ಹಗುರಾಗಲೆಂದು ಗಾಜಿನ ತೊಟ್ಟಿಯನ್ನೂ ಒಂದಿಷ್ಟು ಗೋಲ್ಡ್ ಫಿಶ್‌ಗಳನ್ನೂ ತಂದರು. ಅಕ್ಕ ದಿನವಿಡೀ ಅದರ ಮುಂದೆಯೇ. ಕೊನೆಗೊಂದು ದಿನ ತಾನಾಗಿ ಬಾಯಿಬಿಟ್ಟಳು.

“ತಳದಾಗ ಹೊಲಸು ಕೂಡಾಕತ್ತದ. ಅದನ್ನ ತಿನ್ನೋ ಕ್ಯಾಟ್‌ಫಿಶ್ ಸಿಗತದಂತ. ಆದ್ರ ಇವಕ್ಕ ತ್ರಾಸ ಕೊಡಬಾರದು.”

ಅಪ್ಪನಿಗೆ ಆದ ಖುಷಿ ಅಷ್ಟಿಷ್ಟಲ್ಲ. ನನ್ನನ್ನೂ ಕರೆದುಕೊಂಡು ಹುಮನಾಬಾದಿನ ಸಾಕುಮೀನಿನ ಅಂಗಡಿಗೆ ಹೋದರು. ಅಂಗಡಿಯವನು ಎರಡು ತರಹದ್ದು ತೋರಿಸಿದ. ಒಂದು ಬೆರಳುದ್ದದ್ದು, ಪುಟ್ಟ ಮೀಸೆಯದು, ಗುಂಪಾಗಿ ತಳದಲ್ಲೇ ಓಡಾಡುವಂಥದು.

“ಇದು ಯಾರ ತಂಟೆಗೂ ಹೋಗಂಗಿಲ್ರಿ. ಉಳಿದಿದ್ದು ಬಿದ್ದಿದ್ದು ತಿಂತದ, ಹುಳಾನೂ ತಿಂತದ.”

“ಹುಳ ತಿನ್ನೋದು ನಮ್ಮ ಮನಿಗಿ ಬ್ಯಾಡ.”

ಇನ್ನೊಂದು, ಗಾಜಿಗೆ ಬಾಯಿ ಅಂಟಿಸಿಕೊಂಡಿದ್ದ ಕರಿಯ ಸಕ್ಕರ್ ಮೀನು. “ಇದರದು ಬರೀ ಪಾಚಿ. ಆದ್ರ ಭಾಳ ದೊಡ್ಡದಾಗತದ ನೋಡ್ರಿ,” ಎಂದ. ಅಪ್ಪ ಮೊದಲ ಮಾತಿಗೇ ತಲೆಯಾಡಿಸಿದ್ದರು. ಎರಡನೆಯದು ಅವರ ಕಿವಿಗೆ ಬೀಳಲಿಲ್ಲ.

ಅತ್ತ ಬೀಗರು ಮಾತಿಗೆ ಬಂದರು. ತಪ್ಪಾಯಿತು ಎಂದರು, ಶ್ರಾವಣ ಮುಗಿದ ಮೇಲೆ ಸೊಸೆಯನ್ನು ಕಳಿಸಿ ಎಂದರು. “ನಾ ಹೋಗಂಗಿಲ್ಲ,” ಎಂದಳು ಅಕ್ಕ. “ಹೊಂದ್ಕೊಂಡು ಹೋಗಬೇಕವಾ,” ಎಂದಳು ಅವ್ವ. ಆ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ.

ಸಕ್ಕರ್ ಬೆಳೆಯಿತು. ಗಾಜಿನ ಪಾಚಿ ತೀರಿದ ಮೇಲೆ ಗೋಲ್ಡ್ ಫಿಶ್‌ಗಳ ಮೈಗೇ ಬಾಯಿ ಹಚ್ಚತೊಡಗಿತು. ಪಕ್ಕೆಯ ಹೊಳಪು ಕಿತ್ತುಹೋಗಿ, ಕೆಂಪು ಕಲೆಗಳೆದ್ದವು. ಒಂದು ಬೆಳಿಗ್ಗೆ ಎಲ್ಲಕ್ಕಿಂತ ದೊಡ್ಡ ಮೀನು ಸತ್ತು ತೇಲುತ್ತಿತ್ತು. ಅಕ್ಕ ಅದನ್ನು ಅಂಗೈಯಲ್ಲಿ ತಂದು ಅಪ್ಪನ ಮುಂದೆ ಹಿಡಿದಳು.

“ಆ ಸಕ್ಕರನ್ನೂ ಮಾಂಸ ತಿನ್ನಂಗಿಲ್ಲಂತನೇ ತಂದದ್ದು, ಹೌದಿಲ್ಲಪ್ಪಾ?”

ಅಪ್ಪ ಗಾಜಿಗೆ ಅಂಟಿದ್ದ ಸಕ್ಕರ್ ಕಡೆ ಬೆರಳು ಮಾಡಿದರು. “ಇಂಥಾದ್ದು ಮನ್ಯಾಗ ಇರಬಾರದು. ವಾಪಸ್ ಕೊಡ್ತೀನಿ,” ಎಂದರು. ನಾನು ದಡ್ಡಿ, ಅಕ್ಕ ಇನ್ನು ನಮ್ಮಲ್ಲೇ ಉಳಿದಳು ಎಂದೇ ತಿಳಿದೆ.

ಶ್ರಾವಣ ಮುಗಿಯಿತು. “ಹ್ಯಾಂಗೂ ಒಂದೇ ಹಾದಿ,” ಎಂದು ಅಪ್ಪ ಅಕ್ಕನನ್ನೂ ಸಕ್ಕರನ್ನೂ ಒಂದೇ ಬಸ್ಸಿಗೆ ಹತ್ತಿಸಿದರು. ನೀರು ಚೆಲ್ಲದಿರಲೆಂದು ಸಕ್ಕರ್ ಇದ್ದ ಡಬ್ಬಿಯನ್ನು ಅಕ್ಕನೇ ತೊಡೆಯ ಮೇಲೆ ಹಿಡಿದುಕೊಂಡು ಕೂತಿದ್ದಳು.

ಸಂಜೆ ಅಪ್ಪ ಒಬ್ಬರೇ ಬಂದರು. ಡಬ್ಬಿಯಲ್ಲಿ ಆ ಪುಟ್ಟ ಮೀಸೆಯ ಮೀನುಗಳಿದ್ದವು.

“ನಿಮ್ಮಕ್ಕನೇ ಆರಿಸಿಕೊಟ್ಟಳು.”

“ಅವು ಹುಳ ತಿಂತಾವಲ್ಲ?”

“ತಿನ್ನಲಿ. ಯಾರಿಗೂ ನೋಯಿಸಂಗಿಲ್ಲ,” ಎಂದರು ಅಪ್ಪ, ತೊಟ್ಟಿಯ ಕಡೆಗೆ ನೋಡುತ್ತ.

“ಮತ್ತ ಅಕ್ಕ?”

“ಬಿಟ್ಟು ಬಂದೆ.”