ಕಂಸದೊಳಗಿನ ಕಲ್ಲು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಹಾಸಿಗೆ ಹಿಡಿದಿದ್ದ ಒಬ್ಬ ಮುದುಕಿಯನ್ನು ನಗಿಸಲು ಹೋಗಿ, ಆಕೆಯ ಜೀವಮಾನದ ನಂಬಿಕೆಯನ್ನೇ ಕೆಡವಿದವನು ನಾನು. ಕಾಲೇಜಿನ ಪ್ರಾಂಶುಪಾಲರಿಂದ ಹಿಡಿದು ನಮ್ಮಪ್ಪನ ಗೊರಕೆಯವರೆಗೆ ಎಲ್ಲವನ್ನೂ ಅಣಕಿಸುವ ನನ್ನ ಗಂಟಲು ಅವತ್ತು ವಾರ್ತೆ ಓದುವವರ ದನಿ ತೆಗೆಯಿತು. ಅಷ್ಟೇ ಸಾಕಾಯಿತು.

ಇವತ್ತು ಬೆಳಿಗ್ಗೆ ಕಪಾಟಿನಲ್ಲಿ ಇಸ್ತ್ರಿ ಅಂಗಿ ಹುಡುಕುವಾಗ ನೋವಿನ ಮುಲಾಮಿನ ವಾಸನೆ ಬಂತು. ಬಟ್ಟೆಗಳ ಕೆಳಗೆ ರೂತಮ್ಮಜ್ಜಿಯ ಸತ್ಯವೇದ, ಅಂದರೆ ಕನ್ನಡ ಬೈಬಲ್. ಕಣ್ಣು ಕಾಣದಿದ್ದರೂ ಅಜ್ಜಿ ಅದನ್ನು ಸದಾ ಮುಲಾಮು ಹಚ್ಚಿದ ಮೊಣಕಾಲ ಮೇಲೆ ಇಟ್ಟುಕೊಂಡಿರುತ್ತಿದ್ದಳು. ಎರಡು ವರ್ಷದ ಹಿಂದೆ ಅವಳನ್ನು ಮಣ್ಣಿಗಿಟ್ಟ ದಿನ ಇದರ ಒಂದು ಪುಟ ಓದಿದವನು ನಾನೇ, ಯಾರ ದನಿಯನ್ನೂ ಎರವಲು ಪಡೆಯದೆ. ಆಮೇಲೆ ಪುಸ್ತಕ ನನ್ನ ಕೈಯಲ್ಲೇ ಉಳಿಯಿತು.

ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ನಮ್ಮ ಮನೆಯಿಂದ ಎರಡು ಮನೆ ಆಚೆ ಅವಳದು. ಆಸ್ಪತ್ರೆಯಲ್ಲಿ ಆಯಾ ಆಗಿ ದುಡಿದವಳು, ಮೂಲ ಕುರುಗೋಡು. ನಮ್ಮ ತಾತನೂ ಕುರುಗೋಡಿನವನೇ. ನಾವು ವಿಭೂತಿಯವರು, ಅವಳು ಚರ್ಚಿನವಳು. ಆದರೂ ತಾತ ಬದುಕಿರುವವರೆಗೆ ಪ್ರತಿ ಸುಗ್ಗಿಗೂ ಸಿರುಗುಪ್ಪದ ನಮ್ಮ ಗದ್ದೆಯಿಂದ ಒಂದು ಚೀಲ ಹೊಸ ಅಕ್ಕಿ ತಂದು ಅವಳ ಬಾಗಿಲಲ್ಲಿ ಇಳಿಸುತ್ತಿದ್ದ. ಹೊಸ್ತಿಲು ದಾಟುತ್ತಿರಲಿಲ್ಲ, ಒಂದು ಮಾತೂ ಆಡುತ್ತಿರಲಿಲ್ಲ. ತಾತನನ್ನು ಅಣಕಿಸುವುದರಲ್ಲಿ ನಾನು ಪಳಗಿದವನು. ಆದರೆ ಆ ದೃಶ್ಯಕ್ಕೆ ಮಾತ್ರ ಸಂಭಾಷಣೆಯೇ ಸಿಗುತ್ತಿರಲಿಲ್ಲ ನೋಡಿ.

ಕಣ್ಣು ಹೋದ ಮೇಲೆ ಅವಳಿಗೆ ಓದಿ ಹೇಳುವುದು ನನ್ನ ಪಾಲಿಗೆ ಬಂತು. ಯೇಸುವಿಗೆ ಶಿಕ್ಷೆ ವಿಧಿಸಿದ ಪಿಲಾತನಿಗೆ ತಹಶೀಲ್ದಾರರ ಗತ್ತು ಕೊಟ್ಟೆ, ಶಿಷ್ಯ ಪೇತ್ರನಿಗೆ ಸಿರುಗುಪ್ಪ ಬಸ್ಸಿನ ಕಂಡಕ್ಟರನ ಅವಸರ. "ಲೇ ಕೋತಿ, ದೇವರಿಗಾದ್ರೂ ನೆಟ್ಟಗ ದನಿ ಕೊಡಲೇ," ಎಂದು ಕೆಮ್ಮುತ್ತಾ ನಗುತ್ತಿದ್ದಳು. ನಾನು ಸುಮ್ಮನಿರುವ ಪೈಕಿಯೇ? "ಹೆಸರಿನಾಗ ಸತ್ಯ ಅಂತ ಬರಕೊಂಡಾರಲ್ಲಜ್ಜಿ, ಮಿಠಾಯಿ ಅಂಗಡಿ ಬೋರ್ಡಿಗೆ 'ಅಸಲಿ' ಅಂತ ಬರದಂಗ. ಯಾರಿಗೋ ಅನುಮಾನ ಬಂದಿರಬೇಕು!"

ಒಂದು ಭಾಗಕ್ಕೆ ಮಾತ್ರ ನನ್ನ ಆಟ ನಡೆಯುತ್ತಿರಲಿಲ್ಲ. ನಿಮಗೂ ಗೊತ್ತಿರಬಹುದು: ಹಾದರ ಮಾಡಿದಳೆಂದು ಒಬ್ಬ ಹೆಂಗಸನ್ನು ಕಲ್ಲು ಹೊಡೆದು ಕೊಲ್ಲಲು ಎಳೆದು ತರುತ್ತಾರೆ, ಪಾಪವೇ ಮಾಡದವನು ಮೊದಲು ಹೊಡೆಯಲಿ ಎಂದು ಯೇಸು ಹೇಳಿದಾಗ ಒಬ್ಬೊಬ್ಬರೇ ಜಾರಿಕೊಳ್ಳುತ್ತಾರೆ. ಕುರುಗೋಡಿನಲ್ಲಿ, ಗಂಡ ಸತ್ತು ವರ್ಷ ತುಂಬುವ ಮೊದಲೇ, ರೂತಮ್ಮಜ್ಜಿಯ ಮೇಲೂ ಅದೇ ಅಪವಾದ ಬಂದಿತ್ತು. ಓಣಿಯ ಗಂಡಸರು ಬಾಗಿಲಿಗೆ ಬಂದರು. ಗುಡ್ಡದ ಬುಡದ ಊರಿನಲ್ಲಿ ಕಲ್ಲಿಗೇನು ಬರ? ಮೊದಲನೆಯದು ಅವಳ ಹುಬ್ಬು ಸೀಳಿತು. ಆಗ ಚರ್ಚಿನ ಮುದಿ ಉಪದೇಶಿ ಮೆಟ್ಟಿಲ ಮೇಲೆ ನಿಂತು, ಬೇರೇನೂ ಹೇಳದೆ, ಈ ಭಾಗವನ್ನು ಗಟ್ಟಿಯಾಗಿ ಓದಿದರಂತೆ. ಗುಂಪಿನಲ್ಲಿ ಒಬ್ಬ ತನ್ನ ಕಲ್ಲು ಕೆಳಗಿಟ್ಟ. ಅವನನ್ನು ನೋಡಿ ಉಳಿದವರೂ ಇಟ್ಟರು.

"ಯಾರಜ್ಜಿ ಆತ?"

"ಪುಸ್ತಕದಾಗ ಹೆಸರು ಬರದಾರೇನು? ಇಲ್ಲಲ್ಲ? ಸುಮ್ಮನ ಓದು."

ತನ್ನನ್ನು ಮಣ್ಣು ಮಾಡುವಾಗ ಇದನ್ನೇ ಓದಬೇಕೆಂದು ಪಾದ್ರಿಗಳಿಂದ ಮಾತು ತೆಗೆದುಕೊಂಡಿದ್ದಳು.

ಹಳೆಯ ಪುಸ್ತಕದ ಹಾಳೆಗಳು ಉದುರತೊಡಗಿದ್ದರಿಂದ ಈಗ ನನ್ನ ಬಳಿ ಇರುವ ಈ ಹೊಸದನ್ನು ತಂದೆವು. ಅದರಲ್ಲಿ ಈ ಭಾಗದ ಹಿಂದೊಂದು ಮುಂದೊಂದು ಕಂಸ. ಕೃಷ್ಣನ ಮಾವನನ್ನು ಇಲ್ಲಿಗೆ ಕರೆದವರು ಯಾರು ಎಂದು ಜೋಕು ಹೊಡೆದು, ಕೆಳಗಿನ ಟಿಪ್ಪಣಿಯನ್ನು ವಾರ್ತೆಯ ದನಿಯಲ್ಲಿ ಓದಿದೆ. ಬಹಳ ಹಳೆಯ ಕೈಬರಹದ ಪ್ರತಿಗಳಲ್ಲಿ ಈ ಭಾಗವೇ ಇಲ್ಲವಂತೆ. ಆಮೇಲೆ ಯಾರೋ ಸೇರಿಸಿರಬಹುದು ಎಂದು ನನ್ನ ಬುದ್ಧಿವಂತಿಕೆಯನ್ನೂ ಸೇರಿಸಿದೆ.

ಅಜ್ಜಿ ನಗಲಿಲ್ಲ. "ಇನ್ನೊಮ್ಮೆ ಓದು. ನಿನ್ನ ದನಿಯಾಗ."

ಓದಿದೆ.

"ಹಂಗಾದ್ರ ಆವತ್ತು ಉಪದೇಶಿಯವರು ಓದಿದ್ದು ಸುಳ್ಳೇನಲೇ? ಇಷ್ಟು ವರ್ಷ ನಾ ಸುಳ್ಳಿನ ಮ್ಯಾಲೆ ಬದುಕೀನೇನು?"

ಗೋಡೆಗೆ ಮುಖ ತಿರುಗಿಸಿದಳು. ಪಾದ್ರಿಗಳು ಬಂದರು. "ಹಿರಿಯರು ವಿಚಾರ ಮಾಡೇ ಉಳಿಸಿಕೊಂಡಾರಮ್ಮ," ಎಂದರು. "ಉಳಿಸಿಕೊಂಡಾರ. ಮೊದಲು ಇದ್ದಿದ್ದಿಲ್ಲ," ಎಂದಳು ಅಜ್ಜಿ. ಮಣ್ಣು ಮಾಡುವಾಗ ಏನನ್ನೂ ಓದುವುದು ಬೇಡವೆಂದಳು. ಎಂಟು ದಿನ ಗಂಜಿಯನ್ನು ಬಾಯಿಗಿಟ್ಟರೆ ತುಟಿಯಿಂದಲೇ ಹೊರಗೆ ಹರಿಯುತ್ತಿತ್ತು. ಒರೆಸುತ್ತಿದ್ದ ನನಗೆ ಅಷ್ಟು ದನಿಗಳಲ್ಲಿ ಒಂದೂ ನೆನಪಾಗಲಿಲ್ಲ.

ಒಂಬತ್ತನೆಯ ದಿನ ಪುಸ್ತಕ ಹಿಡಿದು ಮಂಚದ ಪಕ್ಕ ಕೂತೆ. "ಅದನ್ನ ಬಿಡಜ್ಜಿ. ಅದು ಕಂಸದಾಗ ಐತಿ. ಬ್ಯಾರೆ ಏನಾರ ಓದ್ತೀನಿ," ಎಂದೆ.

ಅವಳ ಕೈ ನಿಧಾನವಾಗಿ ಹುಬ್ಬಿನ ಗಾಯದ ಕಲೆಗೆ ಹೋಯಿತು.

ಈಗ ಅಂಗಿಯ ಗೊಡವೆ ಬಿಟ್ಟು ಅದೇ ಪುಟ ತೆರೆದುಕೊಂಡು ಕೂತಿದ್ದೇನೆ. ಕಂಸಗಳು ಅಲ್ಲೇ ಇವೆ, ಟಿಪ್ಪಣಿಯೂ ಇದೆ. ಅದು ತಪ್ಪೆಂದು ಹೇಳುವಷ್ಟು ನಾನು ಓದಿಲ್ಲ. ತಾತನನ್ನು ಅಣಕಿಸುವುದನ್ನು ಮಾತ್ರ ಅವತ್ತೇ ಬಿಟ್ಟೆ. ಏಕೆಂದರೆ ಅಜ್ಜಿ ಗೋಡೆಯಿಂದ ನನ್ನ ಕಡೆ ಹೊರಳಿ ಹೇಳಿದ್ದು ಇದು:

"ಅದನ್ನ ಓದು. ಯಾರಾರ ಬರೀಲಿ, ಯಾವಾಗಾರ ಬರೀಲಿ. ನಿಮ್ಮ ತಾತ ಕಲ್ಲು ಕೆಳಗ ಇಟ್ಟಿದ್ದು ಕಂಸದಾಗ ಅಲ್ಲಲೇ."