ಮಯೂರನ ಬಿಸಿ ಚೀಲ

ಜೆ.ಪಿ. ನಗರದ ಮಯೂರನಿಗೆ ಬಡವರ ಕೂಸುಗಳೆಂದರೆ ಪ್ರಾಣ. ಅದೂ ವೇದಿಕೆಯ ಮೇಲೆ. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳ ಮೈ ಬೇಗ ತಣ್ಣಗಾಗುತ್ತದೆ. ಅಂಥವನ್ನು ಬೆಚ್ಚಗಿಡಲು ಅವನು ಅಗ್ಗದ ಚೀಲವೊಂದನ್ನು ಮಾಡಿದ್ದ. ಒಳಗೊಂದು ಮೇಣದ ಹಾಳೆ. ಬಿಸಿನೀರಿನಲ್ಲಿ ಕಾಯಿಸಿ ಸೇರಿಸಿದರೆ ಕರೆಂಟಿಲ್ಲದ ಹಳ್ಳಿಯಲ್ಲೂ ಗಂಟೆಗಟ್ಟಲೆ ಶಾಖ ನಿಲ್ಲುತ್ತದೆ ಎನ್ನುತ್ತಿದ್ದ. ಹೊಸ ಆವಿಷ್ಕಾರಗಳ ಸ್ಪರ್ಧೆಯಿಂದ ಸ್ಪರ್ಧೆಗೆ ಹೋಗಿ, ರಬ್ಬರ್ ಗೊಂಬೆಯನ್ನು ಅದರಲ್ಲಿ ಮಲಗಿಸಿ, ಗದ್ಗದ ಕಂಠದಲ್ಲಿ ಮಾತಾಡಿ, ಬಹುಮಾನದ ಫಲಕ ಹಿಡಿದು ಬರುತ್ತಿದ್ದ. ಯಡಿಯೂರಿನ ಮಕ್ಕಳ ಡಾಕ್ಟರ್ ಶುಭಾ, "ನಮ್ಮಲ್ಲಿ ಪರೀಕ್ಷೆ ಮಾಡೋಣ, ತನ್ನಿ" ಎಂದು ಎಷ್ಟು ಸಲ ಕರೆದರೂ ಹೋಗಲಿಲ್ಲ. ಗೊಂಬೆ ತಣ್ಣಗಾದರೆ ಅಳುವುದಿಲ್ಲವಲ್ಲ.

ಅವನ ಹೆಂಡತಿ ಶರ್ವಾಣಿಗೆ ಎಂಟನೇ ತಿಂಗಳಲ್ಲೇ ಹೆರಿಗೆಯಾಯಿತು, ಶುಭಾ ಅವರ ಸಣ್ಣ ನರ್ಸಿಂಗ್ ಹೋಮಿನಲ್ಲೇ. ಹೆಣ್ಣು ಕೂಸು, ಅಂಗೈಯಗಲ. ಕೂಸುಗಳನ್ನು ಬೆಚ್ಚಗಿಡಲು ಅಲ್ಲಿದ್ದ ಒಂದೇ ವಾರ್ಮರಿನಲ್ಲಿ ಬೇರೆ ಮಗುವಿತ್ತು. ಮಗುವನ್ನು ದೊಡ್ಡ ಆಸ್ಪತ್ರೆಗೆ ಒಯ್ಯಬೇಕಿದ್ದ ಆಂಬುಲೆನ್ಸ್ ಸಾರಕ್ಕಿ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡಿತ್ತು.

ಸಿಸೇರಿಯನ್ ಆಗಿ ನಡುಗುತ್ತ ಮಲಗಿದ್ದ ಶರ್ವಾಣಿ, "ನಿನ್ನ ಬ್ಯಾಗ್ ಕಾರಲ್ಲೇ ಇದ್ಯಲ್ಲ, ತಗೊಂಡ್ಬಾ" ಎಂದಳು.

"ಬೇಡ ಶರ್ವಾಣಿ. ಅದು ಸುಮ್ನೆ ಡೆಮೋಗೆ. ಸ್ವಲ್ಪ ಹೊತ್ತಿಗೇ ತಣ್ಣಗಾಗ್ಬಿಡತ್ತೆ. ನಮ್ಮ ಮಗೂನ ಅದ್ರಲ್ಲಿ ಹೇಗೆ ಇಡೋದು?"

"ಹಾಗಾದ್ರೆ ಯಾರ ಮಗೂನ ಇಡ್ಬೇಕು ಅಂತ ಮಾಡಿದ್ದೆ?"

ಅಷ್ಟರಲ್ಲಿ "ಷರ್ಟ್ ಬಿಚ್ಚಿ ಕೂತ್ಕೊಳ್ಳಿ ಸಾರ್" ಎಂದು ಶುಭಾ ಗದರಿದರು. ಕೂಸಿನ ತಲೆಗೆ ಟೋಪಿ ಹಾಕಿ, ಅವನ ಬರಿ ಎದೆಗೆ ಒರಗಿಸಿ, ಮೇಲೆ ಶಾಲು ಸುತ್ತಿದರು. ಆಂಬುಲೆನ್ಸ್ ಬರುವವರೆಗೆ ಅಪ್ಪನ ಮೈಶಾಖವೇ ಮಗುವನ್ನು ಕಾಪಾಡಿತು. ಮಯೂರ ಅತ್ತ, ಈ ಸಲ ಮೈಕ್ ಇರಲಿಲ್ಲ.

ಬುದ್ಧಿ ಬಂತೆಂದು ಶರ್ವಾಣಿ ನಂಬಿದಳು. ನಾಮಕರಣ ಮುಗಿದ ಮೇಲೆ ಜಯನಗರದ ಸಭಾಂಗಣವೊಂದರಲ್ಲಿ ಮತ್ತೊಂದು ಸ್ಪರ್ಧೆ. "ನನ್ನ ಸ್ವಂತ ಮಗಳು ಇವತ್ತು ಬದುಕಿರೋದು ಈ ಬ್ಯಾಗಿಂದ" ಎಂದು ಮಯೂರ ಕಣ್ಣೊರೆಸಿಕೊಂಡ. ಚಪ್ಪಾಳೆಯೋ ಚಪ್ಪಾಳೆ. ಮಗಳನ್ನೆತ್ತಿಕೊಂಡು ಕುಳಿತಿದ್ದ ಶರ್ವಾಣಿ ಎದ್ದು ನಿಂತಳು.

"ಸುಳ್ಳು. ಇವಳನ್ನ ಅದ್ರಲ್ಲಿ ಇಡೋಕೆ ಇವನೇ ಹೆದರ್ದ. ದಯವಿಟ್ಟು ಯಾರೂ ಇದನ್ನ ಹಳ್ಳಿಗೆ ಕಳಿಸ್ಬೇಡಿ."

ಬಹುಮಾನ ತಪ್ಪಿತು. ಹೊರಗೆ ಬಂದವನು, "ಒಂಚೂರು ಅಡ್ಜಸ್ಟ್ ಮಾಡ್ಕೊಳ್ಳಕ್ಕಾಗ್ಲಿಲ್ವಾ ನಿಂಗೆ?" ಎಂದು ರೇಗಿದ. ಅವಳು ಮಗಳೊಂದಿಗೆ ಆಟೊ ಹತ್ತಿ ಬನಶಂಕರಿಯ ತವರಿಗೆ ಹೋದಳು. ಇನ್ನೂ ಅಲ್ಲೇ ಇದ್ದಾಳೆ.

ಮಯೂರ ಈಗ ಕಾಲೇಜುಗಳಲ್ಲಿ, ಸೋಲಿನಿಂದ ಏನು ಕಲಿಯಬೇಕೆಂದು ಭಾಷಣ ಮಾಡುತ್ತಾನೆ. ಒಳ್ಳೆ ಬೇಡಿಕೆಯಿದೆಯಂತೆ.